ಬೋರ್ಡು ಎಲ್ಲಿ ನಿಲ್ಲಬೇಕು? – ರಸ್ತೆ ಕಾಮಗಾರಿಯ ಸೂಚನೆಗಳ ಬಗ್ಗೆ ಒಂದು ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ತರುಣರು ಮನೆಗೆ ಬಂದು ಕೇಳಿದಾಗ, ಕಥೆ ಕವಿತೆಗಳು ನನ್ನ ಕೈಗೆ ಒಲಿದವುಗಳಲ್ಲ, ಜೀವಮಾನವೆಲ್ಲ ಜಲ್ಲಿ, ಡಾಮರು, ಮೋರಿಗಳ ನಡುವೆಯೇ ಕಳೆಯಿತು ಎಂದು ಹೇಳಿ ಜಾರಿಕೊಳ್ಳಲು ನೋಡಿದೆ. ಅವರಲ್ಲೊಬ್ಬರು, “ಹಾಗಾದರೆ ಅದನ್ನೇ ಬರೆಯಿರಿ ಸರ್. ಶಾಲೆಯ ಎದುರಿನ ಮಾರ್ಗವನ್ನು ವರ್ಷಗಟ್ಟಲೆ ಅಗೆದದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಬೋರ್ಡುಗಳ ಅರ್ಥವನ್ನು ಮಾತ್ರ ನಮಗೆ ಯಾರೂ ಹೇಳಿಕೊಡಲಿಲ್ಲ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಈ ಬರಹ.

ಈ ಶಾಲೆಯ ಮೊದಲ ತಂಡಗಳಲ್ಲಿ ಒಂದರಲ್ಲಿ ಕಲಿತವನು ನಾನು. ಆಗ ಶಾಲೆಯ ಮುಂದೆ ಹಾದುಹೋಗುತ್ತಿದ್ದುದು ಎದುರುಬದುರಾಗಿ ಎರಡು ಬಸ್ಸುಗಳು ಬಂದರೆ ಒಂದು ಮಣ್ಣಿಗೆ ಇಳಿಯಬೇಕಾಗಿದ್ದ ಡಾಮರು ಮಾರ್ಗ. ಅದಕ್ಕೆ ರಾಷ್ಟ್ರೀಯ ಹೆದ್ದಾರಿ 17 ಎಂಬ ದೊಡ್ಡ ಹೆಸರು. ಮುಂದೆ ಅದೇ ಮಾರ್ಗಕ್ಕೆ 66 ಎಂಬ ಸಂಖ್ಯೆ ಬಂತು. ಬಳಿಕ ತಲಪಾಡಿಯಿಂದ ದಕ್ಷಿಣಕ್ಕೆ 45 ಮೀಟರ್ ಅಗಲದ ಭೂಮಿಯಲ್ಲಿ ಆರು ಪಥಗಳ ಹೆದ್ದಾರಿ, ಅದರ ಇಕ್ಕೆಲಗಳಲ್ಲಿ ಸರ್ವಿಸ್ ರಸ್ತೆ ಎಂದು ಕೆಲಸ ಆರಂಭವಾಯಿತು. ಗುಡ್ಡಗಳು ಕತ್ತರಿಸಲ್ಪಟ್ಟವು, ಗದ್ದೆಗಳು ತುಂಬಿದವು. ಇಂದು ವಾಹನ ಹೋಗುವ ದಾರಿ ನಾಳೆ ಇರುತ್ತಿರಲಿಲ್ಲ. ಬೆಳಗ್ಗೆ ಮಗು ದಾಟಿದ ಜಾಗದಲ್ಲಿ ಸಂಜೆಗೆ ಆಳುದ್ದದ ಚರಂಡಿ. ಹೆದ್ದಾರಿಯ ಆಚೆಯ ಗುಡ್ಡದಿಂದ ಇಳಿದು ಬರುವ ನಮ್ಮ ಮಕ್ಕಳಿಗೆ ಆ ವರ್ಷಗಳಲ್ಲಿ ಶಾಲೆಗೆ ಬರುವುದೇ ಪ್ರತಿದಿನದ ಒಂದು ಪರೀಕ್ಷೆಯಾಗಿತ್ತು.

ಪಾಠವನ್ನು ಆರಂಭಿಸುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಸಬೇಕಾಗಿದೆ. 1989ರಲ್ಲಿ ನಾನು ಇಪ್ಪತ್ತನಾಲ್ಕು ವರ್ಷದ ತರುಣ. ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಗುತ್ತಿಗೆದಾರರೊಬ್ಬರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದೆ. ಒಳನಾಡಿನ ಒಂದು ಮಾರ್ಗದಲ್ಲಿ ಹಳೆಯ ಮೋರಿಯನ್ನು ಒಡೆದು ಹೊಸದನ್ನು ಕಟ್ಟುವ ಕೆಲಸ. ಅರ್ಧ ಮಾರ್ಗವನ್ನು ಅಗೆದು, ಉಳಿದರ್ಧದಲ್ಲಿ ವಾಹನ ಬಿಡುತ್ತಿದ್ದೆವು. ಗುಂಡಿಯ ಅಂಚಿಗೆ ಎರಡು ಖಾಲಿ ಡಾಮರು ಡ್ರಮ್ಮುಗಳು, ಅವುಗಳ ನಡುವೆ ಒಂದು ಬಿದಿರು, ಬಿದಿರಿಗೆ ಸೊಪ್ಪಿನ ಗೆಲ್ಲು, ಡ್ರಮ್ಮಿಗೆ ಒರಗಿಸಿದ ಒಂದು ತಗಡಿನ ಬೋರ್ಡು. ಕತ್ತಲಾದ ಮೇಲೆ ಕೆಂಪು ಗಾಜಿನ ಸೀಮೆಎಣ್ಣೆ ಲಾಟೀನು. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದು ಇಷ್ಟೇ. ನಾವು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಿರಲಿಲ್ಲ.

ಜೂನ್ ತಿಂಗಳ ಒಂದು ರಾತ್ರಿ ಮಳೆಗೆ ಲಾಟೀನು ಆರಿತು. ಕಾವಲುಗಾರ ಶೆಡ್ಡಿನೊಳಗಿದ್ದ. ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಮೀನು ತರಲು ಸೈಕಲಿನಲ್ಲಿ ಕಡಪ್ಪುರಕ್ಕೆ ಹೊರಟಿದ್ದ ವ್ಯಾಪಾರಿಯೊಬ್ಬರು ಬಿದಿರನ್ನೂ ಸೊಪ್ಪನ್ನೂ ಕೊಂಡುಕೊಂಡೇ ಗುಂಡಿಗೆ ಬಿದ್ದರು. ತೊಡೆಯ ಮೂಳೆ ಮುರಿಯಿತು. “ಎಚ್ಚರಿಕೆಯ ಫಲಕ ಸ್ಥಳದಲ್ಲಿತ್ತು” ಎಂದು ವರದಿಯಲ್ಲಿ ಬರೆದು ಸಹಿ ಮಾಡಿದವನು ನಾನೇ. ಅದು ಸುಳ್ಳಾಗಿರಲಿಲ್ಲ. ಎರಡು ವಾರಗಳ ಮೇಲೆ ಧೈರ್ಯ ತಂದುಕೊಂಡು ಆಸ್ಪತ್ರೆಗೆ ಹೋದೆ. ಅವರು ಬಯ್ಯಲಿಲ್ಲ. “ಬೋರ್ಡು ನನಗೆ ಕಂಡಿತ್ತು ಓವರ್‌ಸಿಯರೇ. ಕಾಣುವಾಗ ನಾನು ಗುಂಡಿಯಲ್ಲಿದ್ದೆ” ಎಂದರು. ಆ ಬಳಿಕ ಅವರಿಗೆ ಸೈಕಲ್ ತುಳಿಯಲಾಗಲಿಲ್ಲ; ಮನೆಯ ಬಳಿ ಸಣ್ಣದೊಂದು ಅಂಗಡಿ ಇಟ್ಟುಕೊಂಡರು. ರಸ್ತೆ ಸುರಕ್ಷತೆಯ ಬಗ್ಗೆ ನಾನು ಆಮೇಲೆ ಓದಿದ ಪುಸ್ತಕಗಳೆಲ್ಲ ಆ ಒಂದು ವಾಕ್ಯದ ವಿವರಣೆಗಳೆಂದೇ ನನಗೆ ತೋರಿದೆ.

ಆ ವಾಕ್ಯವನ್ನೇ ಲೆಕ್ಕವಾಗಿ ಮಾಡಿ ನೋಡೋಣ. ಏಳನೆಯ ತರಗತಿಯಲ್ಲಿ ಕಾಲ ಮತ್ತು ವೇಗದ ಲೆಕ್ಕಗಳನ್ನು ನಾವೆಲ್ಲರೂ ಮಾಡಿದ್ದೇವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಚಾಲಕನ ಕಣ್ಣಿಗೆ ಅಡ್ಡಿ ಕಂಡು, ಅದೇನೆಂದು ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬರುವ ತನಕ ಎರಡೂವರೆ ಸೆಕೆಂಡು ಎಂದು ರಸ್ತೆ ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲಿ ವಾಹನ 42 ಮೀಟರ್ ಮುಂದೆ ಬಂದಾಯಿತು. ಬ್ರೇಕ್ ಇನ್ನೂ ಹಿಡಿದಿಲ್ಲ. ಹಿಡಿದ ಮೇಲೆ ಚಕ್ರ ನಿಲ್ಲಲು ಇನ್ನೂ 39 ಮೀಟರ್ ಬೇಕು. ಒಟ್ಟು ಸುಮಾರು 80 ಮೀಟರ್. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ 1934ರಿಂದ ನಮ್ಮ ದೇಶದ ರಸ್ತೆಗಳಿಗೆ ನಿಯಮಾವಳಿ ರೂಪಿಸುತ್ತ ಬಂದಿದೆ. ಅದರ ಪಟ್ಟಿಯಲ್ಲಿಯೂ ನಿಲುಗಡೆಗೆ ಬೇಕಾದ ದೂರ 40 ಕಿ.ಮೀ. ವೇಗಕ್ಕೆ 45 ಮೀಟರ್, 60ಕ್ಕೆ 80, 80ಕ್ಕೆ 120, 100ಕ್ಕೆ 180 ಎಂದಿದೆ. ವೇಗ 40ರಿಂದ 80ಕ್ಕೆ ಇಮ್ಮಡಿಯಾದರೆ ದೂರ ಇಮ್ಮಡಿಯನ್ನು ಮೀರುತ್ತದೆ ಎಂಬುದನ್ನು ಗಮನಿಸಬೇಕು. ಬ್ರೇಕಿನ ಪಾಲಿನ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಅದಕ್ಕೆ ಕಾರಣ. ನಮ್ಮ ಮಳೆಗಾಲದಲ್ಲಿ, ಮಾರ್ಗದ ಮೇಲೆ ಕೆಮ್ಮಣ್ಣಿನ ರಾಡಿ ಹರಡಿ, ಲಾರಿಯ ಟಯರೂ ಸವೆದಿದ್ದರೆ ಈ ಅಂಕಿಗಳಿಗೂ ಭರವಸೆಯಿಲ್ಲ.

ಗುಂಡಿಯ ಬಾಯಿಯಲ್ಲಿ ನಿಲ್ಲಿಸಿದ ಬೋರ್ಡು ಗುಂಡಿಯ ಹೆಸರನ್ನು ಹೇಳಬಲ್ಲುದು, ಎಚ್ಚರಿಸಲಾರದು. ನಾನು ಮಾಡಿದ ತಪ್ಪು ಅದೇ. ಇಂದಿಗೂ ಪಂಚಾಯತು ಮಾರ್ಗಗಳಲ್ಲಿ, ನೀರಿನ ಪೈಪಿಗಾಗಿ ಅಗೆದ ಕಡೆಗಳಲ್ಲಿ, ಅದೇ ತಪ್ಪನ್ನು ಕಾಣುತ್ತೇನೆ.

ಆದ್ದರಿಂದಲೇ ಶಾಸ್ತ್ರದಲ್ಲಿ ಕಾಮಗಾರಿಯ ಜಾಗವೆಂದರೆ ಕೆಲಸ ನಡೆಯುವ ಹತ್ತಿಪ್ಪತ್ತು ಮೀಟರ್ ಮಾತ್ರವಲ್ಲ. ರಸ್ತೆ ಕಾಂಗ್ರೆಸ್ಸು 2001ರಲ್ಲಿ ಪ್ರಕಟಿಸಿ 2014ರಲ್ಲಿ ಪರಿಷ್ಕರಿಸಿದ ಎಸ್‌ಪಿ 55 ಎಂಬ ಕೈಪಿಡಿಯು ಅದನ್ನು ನಾಲ್ಕು ಭಾಗ ಮಾಡುತ್ತದೆ. ಮೊದಲನೆಯದು ಮುನ್ನೆಚ್ಚರಿಕೆಯ ಭಾಗ. ಇಲ್ಲಿ ಮಾರ್ಗ ಇನ್ನೂ ಸರಿಯಾಗಿಯೇ ಇರುತ್ತದೆ, ಮುಂದೆ ಏನಿದೆ ಎಂಬ ಸುದ್ದಿ ಮಾತ್ರ ಸಿಗುತ್ತದೆ. ಎರಡನೆಯದರಲ್ಲಿ ವಾಹನವನ್ನು ತನ್ನ ಪಥದಿಂದ ಪಕ್ಕಕ್ಕೆ ಸರಿಸಲಾಗುತ್ತದೆ. ಮೂರನೆಯದು ಕೆಲಸದ ಜಾಗ; ಅದಕ್ಕೂ ವಾಹನಗಳಿಗೂ ನಡುವೆ ಖಾಲಿ ಬಿಟ್ಟ ಸ್ಥಳವೂ ಅದರಲ್ಲಿ ಸೇರಿದೆ. ಆ ಖಾಲಿ ಸ್ಥಳದಲ್ಲಿ ಜಲ್ಲಿಯ ರಾಶಿ ಹಾಕುವುದು, ರೋಲರ್ ನಿಲ್ಲಿಸುವುದು ನಮ್ಮವರ ಹಳೆಯ ಅಭ್ಯಾಸ. ದಾರಿ ತಪ್ಪಿದ ವಾಹನ ಯಾರಿಗೂ ತಾಗದೆ ನಿಲ್ಲಲಿ ಎಂದು ಬಿಟ್ಟದ್ದನ್ನು ನಾವು ಉಗ್ರಾಣವೆಂದು ತಿಳಿಯುತ್ತೇವೆ. ನಾಲ್ಕನೆಯದು ವಾಹನವು ಪುನಃ ತನ್ನ ಪಥವನ್ನು ಸೇರುವ ಭಾಗ.

ಎರಡನೆಯ ಭಾಗದ ವಿಷಯದಲ್ಲಿ ಒಂದು ಮಾತು ಹೆಚ್ಚು ಹೇಳಬೇಕು. ಕಿತ್ತಳೆ ಬಣ್ಣದ ಶಂಕುಗಳನ್ನು, ಜನರ ಬಾಯಲ್ಲಿ ಕೋನ್ ಎನ್ನುವುದನ್ನು, ಓರೆಯಾಗಿ ಸಾಲಿಟ್ಟದ್ದನ್ನು ತಾವು ನೋಡಿರಬಹುದು. ಆ ಓರೆ ಎಷ್ಟು ಉದ್ದವಿರಬೇಕು? ಅಮೆರಿಕದ ಕೈಪಿಡಿಯಲ್ಲಿ ಇದಕ್ಕೊಂದು ಸರಳ ಸೂತ್ರವಿದೆ: 60 ಕಿ.ಮೀ. ತನಕದ ವೇಗವಿರುವ ಮಾರ್ಗದಲ್ಲಿ, ಮುಚ್ಚುವ ಪಥದ ಅಗಲವನ್ನು ವೇಗದ ವರ್ಗದಿಂದ ಗುಣಿಸಿ 155ರಿಂದ ಭಾಗಿಸುವುದು. ಮೂರೂವರೆ ಮೀಟರಿನ ಪಥ, 60 ಕಿ.ಮೀ. ವೇಗ ಎಂದಿಟ್ಟುಕೊಂಡರೆ 81 ಮೀಟರ್ ಬರುತ್ತದೆ. ನಾಲ್ಕೇ ಕೋನುಗಳನ್ನು ಹತ್ತು ಮೀಟರಿನಲ್ಲಿ ಅಡ್ಡವಾಗಿ ಇಟ್ಟರೆ ಅದು ಸಾಲಾಗುವುದಿಲ್ಲ, ಗೋಡೆಯಾಗುತ್ತದೆ. ಬಸ್ಸಿನವನು ಕೊನೆಯ ಗಳಿಗೆಯಲ್ಲಿ ತಿರುಗಿಸುತ್ತಾನೆ. ಪಕ್ಕದಲ್ಲಿ ಬರುತ್ತಿದ್ದ ಸ್ಕೂಟರಿನವನಿಗೆ ಜಾಗ ಉಳಿಯುವುದಿಲ್ಲ.

ಇನ್ನು ಚಿಹ್ನೆಗಳ ಆಕಾರ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಆಡುವವರು ಇಲ್ಲಿ ಒಂದೇ ಬಸ್ಸಿನಲ್ಲಿ ಕುಳಿತಿರುತ್ತಾರೆ. ಹೆದ್ದಾರಿಯಲ್ಲಿ ಗುಜರಾತಿನಿಂದಲೂ ಪಂಜಾಬಿನಿಂದಲೂ ಲಾರಿಗಳು ಬರುತ್ತವೆ. ಯಾವ ಲಿಪಿಯಲ್ಲಿ ಬರೆದರೂ ಅರ್ಧ ಮಂದಿಗೆ ಅದು ಗೋಡೆಬರಹವೇ. ಇದಕ್ಕೆ ಪರಿಹಾರವಾಗಿ ಲೋಕದ ಅನೇಕ ದೇಶಗಳು 1968ರ ವಿಯೆನ್ನಾ ಒಪ್ಪಂದದಲ್ಲಿ ಆಕಾರಗಳಿಗೇ ಅರ್ಥವನ್ನು ಹಂಚಿದವು. ನಮ್ಮ ದೇಶದ ಚಿಹ್ನೆಗಳೂ ಅದೇ ಜಾಡಿನವು. ಕೆಂಪು ಅಂಚಿನ, ತುದಿ ಮೇಲಾದ ತ್ರಿಕೋನ ಎಂದರೆ ಎಚ್ಚರಿಕೆ: ಮುಂದೆ ಏನೋ ಇದೆ. ವೃತ್ತವೆಂದರೆ ಆಜ್ಞೆ, ಅದನ್ನು ಮೀರಿದರೆ ದಂಡ. ಆಯತವೆಂದರೆ ಮಾಹಿತಿ. ತ್ರಿಕೋನವನ್ನು ತಲೆಕೆಳಗು ಮಾಡಿದರೆ ದಾರಿ ಬಿಟ್ಟುಕೊಡು ಎಂದರ್ಥ. ಎಂಟು ಮೂಲೆಯ ಕೆಂಪು ಫಲಕ ಒಂದಕ್ಕೇ ಮೀಸಲು: ನಿಲ್ಲು. ಕೆಸರು ಮೆತ್ತಿ ಒಳಗಿನ ಚಿತ್ರ ಕಾಣದಿದ್ದರೂ, ಹಿಂಬದಿಯಿಂದ ನೋಡಿದರೂ, ಎಂಟು ಮೂಲೆ ಎಂಟು ಮೂಲೆಯೇ.

ತ್ರಿಕೋನದೊಳಗೆ ಸಲಿಕೆ ಹಿಡಿದು ಬಾಗಿದ ಮನುಷ್ಯನ ಚಿತ್ರವಿದ್ದರೆ ಜನ ಕೆಲಸದಲ್ಲಿದ್ದಾರೆ ಎಂದು ತಿಳಿಯಬೇಕು. ನಮ್ಮ ಮೊಮ್ಮಗ ಅದನ್ನು ನೋಡಿ “ಅಜ್ಜ, ಇವರು ಕೊಡೆ ಬಿಡಿಸುತ್ತಿದ್ದಾರೆ” ಎಂದಿದ್ದ. ಚಿತ್ರಕ್ಕೂ ಸ್ವಲ್ಪ ಪಾಠ ಬೇಕಾಗುತ್ತದೆ ಎಂದು ಆಗ ನನಗೆ ಅನಿಸಿತು. ಬಳಸುದಾರಿ ಎಲ್ಲಿಗೆ ಹೋಗುತ್ತದೆ, ಶಾಲೆಗೆ ಹೋಗುವವರು ಎಲ್ಲಿ ದಾಟಬೇಕು ಎಂಬಂಥವನ್ನು ಚಿತ್ರದಲ್ಲಿ ಹೇಳಲಾಗದು. ಅಕ್ಷರ ಬೇಕೇ ಬೇಕು. ಅಲ್ಲಿ ಮಲಯಾಳದ ಜತೆಗೆ ಕನ್ನಡವೂ ಇರಬೇಕೆಂದು ಕೇಳುವುದು ಬರಿಯ ಭಾಷಾಭಿಮಾನದ ಮಾತಲ್ಲ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯೊಬ್ಬರು ಮಗುವಿನ ಕೈಹಿಡಿದು ಆ ಫಲಕದ ಕೆಳಗೇ ನಿಂತು, ದಾಟಬೇಕಾದದ್ದು ಯಾವ ಕಡೆಯಿಂದ ಎಂದು ದಾರಿಹೋಕರನ್ನು ಕೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ರಾತ್ರಿಯ ವಿಚಾರ ಬೇರೆಯೇ. ಸೀಮೆಎಣ್ಣೆಯ ಲಾಟೀನಿನ ಕಾಲ ಹೋಗಿ ಈಗ ಹೊಳೆಯುವ ಹಾಳೆ ಅಂಟಿಸಿದ ಫಲಕಗಳು ಬಂದಿವೆ. ಆ ಹಾಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಕನ್ನಡಿಯು ಓರೆಯಾಗಿ ಬಿದ್ದ ಬೆಳಕನ್ನು ಇನ್ನೊಂದು ದಿಕ್ಕಿಗೆ ಕಳುಹಿಸುತ್ತದೆ; ಈ ಹಾಳೆ ಮಾತ್ರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕೊಡುತ್ತದೆ. ಲಾರಿಯ ದೀಪದಿಂದ ಹೊರಟ ಬೆಳಕು ಲಾರಿಯ ಕಡೆಗೇ ಮರಳುವುದರಿಂದ, ದೀಪದ ಸಮೀಪದಲ್ಲಿರುವ ಚಾಲಕನ ಕಣ್ಣಿಗೆ ಫಲಕವು ಉರಿಯುವಂತೆ ತೋರುತ್ತದೆ. ಇದರಲ್ಲಿ ಪಾದಚಾರಿಗಳು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ದೀಪವಿಲ್ಲದೆ ನಡೆದು ಹೋಗುವವರಿಗೆ ಅದೇ ಫಲಕ ಕಪ್ಪಗೆ ಕಾಣಬಹುದು. ಅದಕ್ಕಿಂತಲೂ ಮುಖ್ಯವಾಗಿ, ವಾಹನದ ದೀಪ ತಮ್ಮ ಮೇಲೆ ಬಿದ್ದಾಗ ಮಕ್ಕಳು “ಅವರಿಗೆ ನಾನು ಕಂಡೆ” ಎಂದು ತಿಳಿಯುತ್ತಾರೆ. ಮಗುವಿನ ಕಡುನೀಲಿ ಚಡ್ಡಿ, ಕಪ್ಪು ಕೊಡೆ ಬೆಳಕನ್ನು ನುಂಗಿಬಿಡುತ್ತವೆ. ಚಾಲಕನಿಗೆ ಏನೂ ಮರಳುವುದಿಲ್ಲ. ಚೀಲದ ಹಿಂದೆ ಅಂಗೈಯಗಲದ ಹೊಳೆಯುವ ಪಟ್ಟಿಯೊಂದನ್ನು ಹೊಲಿದರೆ ಬಹಳ ದೂರದಿಂದಲೇ ಆ ಮಗು ಕಾಣುತ್ತದೆ.

ಬಾವುಟ ಹಿಡಿದವನ ಕೆಲಸವನ್ನು ನಮ್ಮಲ್ಲಿ ಯಾರೂ ಕೆಲಸವೆಂದೇ ಎಣಿಸುವುದಿಲ್ಲ. ಬೇರೇನೂ ಬಾರದ ಆಳಿಗೆ, ಕಾಲುನೋವಿನವನಿಗೆ ಅದನ್ನು ಕೊಡುವುದು ವಾಡಿಕೆ. ನಾನಾದರೋ ಮೇಸ್ತ್ರಿಯಷ್ಟೇ ಜಾಣನನ್ನು ಅಲ್ಲಿ ನಿಲ್ಲಿಸುತ್ತಿದ್ದೆ. ಕೆಂಪು ಬಾವುಟವನ್ನು ಮಾರ್ಗಕ್ಕೆ ಅಡ್ಡವಾಗಿ ಚಾಚಿ, ಅಲುಗಿಸದೆ ಹಿಡಿದು, ಇನ್ನೊಂದು ಅಂಗೈಯನ್ನು ವಾಹನದ ಕಡೆಗೆ ಎತ್ತಿದರೆ ನಿಲ್ಲು. ಬಾವುಟವನ್ನು ಕೆಳಗಿಳಿಸಿ ಬರಿಗೈಯಿಂದ ಕರೆದರೆ ಹೋಗು. ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ನಿಧಾನ. ಕೆಂಪನ್ನು ಬೀಸಿ “ಹೋಗು, ಹೋಗು” ಎಂದು ಕರೆಯುವುದು ಎಂದಿಗೂ ಕೂಡದು. ನಮ್ಮ ಊರಿನ ಮಾರ್ಗಗಳಲ್ಲಿ ಕಾಣುವುದು ಹೆಚ್ಚಾಗಿ ಅದೇ. ಅವನು ಮರದ ನೆರಳಿನಲ್ಲಿ ನಿಲ್ಲಬಾರದು, ಕಣ್ಣಿಗೆ ಬೀಳುವುದಿಲ್ಲ. ಯಂತ್ರದ ಪಕ್ಕದಲ್ಲಿಯೂ ಬೇಡ. ವಾಹನಕ್ಕೆ ಬೆನ್ನು ಹಾಕಬಾರದು. ಬ್ರೇಕ್ ಹಿಡಿಯದ ಲಾರಿ ಬಂದರೆ ಯಾವ ಕಡೆಗೆ ಹಾರಬೇಕು ಎಂಬುದನ್ನು ನಿಲ್ಲುವ ಮೊದಲೇ ನೋಡಿಟ್ಟುಕೊಂಡಿರಬೇಕು. ಈಗ ಬಾವುಟ ಹಿಡಿದಿರುವವರು ಬಹುಪಾಲು ಬಂಗಾಳ, ಒಡಿಶಾ, ಬಿಹಾರಗಳಿಂದ ಬಂದ ತರುಣರು. ಅವರಿಗೆ ನಮ್ಮ ಏಳು ಭಾಷೆಗಳಲ್ಲಿ ಒಂದೂ ಬಾರದು. ಕಾರು ನಿಲ್ಲಿಸಿ ಅವರ ಮೇಲೆ ರೇಗುವ ನಮ್ಮ ಜನರಿಗೆ ಆ ಬಾವುಟದ ಭಾಷೆಯೂ ಬಾರದು.

ಅರ್ಧ ಮಾರ್ಗದಲ್ಲಿ ಎರಡೂ ಕಡೆಯ ವಾಹನಗಳನ್ನು ಸರದಿಯಂತೆ ಬಿಡುವಾಗ, ನಡುವೆ ತಿರುವಿದ್ದು ಈ ತುದಿಯವನಿಗೆ ಆ ತುದಿಯವನು ಕಾಣದಿದ್ದರೆ ಏನು ಮಾಡುವುದು? ಇಂದು ಕೈಯಲ್ಲಿ ವೈರ್‌ಲೆಸ್ಸು, ಮೊಬೈಲು ಉಂಟು. 1990ರ ಸುಮಾರಿಗೆ ನಮ್ಮ ಬಳಿ ಇದ್ದುದು ಕೆಂಪು ಬಟ್ಟೆ ಸುತ್ತಿದ ಒಂದು ಮೊಳ ಉದ್ದದ ಕೋಲು. ಈ ತುದಿಯಿಂದ ಬಿಟ್ಟ ಸಾಲಿನ ಕೊನೆಯ ವಾಹನದವರ ಕೈಗೆ ಅದನ್ನು ಕೊಡುತ್ತಿದ್ದೆವು. ಅವರು ಆ ತುದಿಯಲ್ಲಿ ಅದನ್ನು ಒಪ್ಪಿಸಿದ ಮೇಲೆಯೇ ಅಲ್ಲಿಂದ ವಾಹನ ಹೊರಡಬೇಕು. ಕೋಲು ಮರಳಿ ಬರುವ ತನಕ ನಾವು ಯಾರನ್ನೂ ಬಿಡುವಂತಿಲ್ಲ. ಒಂಟಿ ಹಳಿಯ ಕಾಲದಲ್ಲಿ ಸ್ಟೇಷನ್ ಮಾಸ್ಟರರು ರೈಲಿನ ಚಾಲಕನಿಗೆ ಬೆತ್ತದ ಬಳೆಯಲ್ಲಿ ಟೋಕನ್ ಕೊಡುತ್ತಿದ್ದುದನ್ನು ನೋಡಿದ ಹಿರಿಯರಿಗೆ ಇದರ ತತ್ತ್ವ ಕೂಡಲೇ ತಿಳಿದೀತು: ಕೋಲು ಒಂದೇ, ಆದ್ದರಿಂದ ದಾರಿಯ ಹಕ್ಕೂ ಒಬ್ಬರಿಗೇ. ಒಮ್ಮೆ ಒಂದು ಜೀಪಿನವರು ಕೋಲನ್ನು ಕೊಡಲು ಮರೆತು ಪೇಟೆಯ ತನಕ ಹೋಗಿಬಿಟ್ಟರು. ಎರಡೂ ಕಡೆ ಮುಕ್ಕಾಲು ಗಂಟೆ ವಾಹನಗಳು ನಿಂತವು. ನನ್ನ ತಾಯಿಯ ಹೆಸರನ್ನೂ ಎಳೆದು ಬೈದರು. ಆದರೂ ನಮ್ಮ ಬಾವುಟದವನು ಕೋಲು ಬಾರದೆ ಒಂದು ಸೈಕಲನ್ನೂ ಬಿಡಲಿಲ್ಲ.

ಸುಳ್ಳು ಹೇಳುವ ಬೋರ್ಡಿನ ಬಗ್ಗೆಯೂ ಬರೆಯಬೇಕು. ಕೆಲಸ ಮುಗಿದು ಆರು ತಿಂಗಳಾದರೂ “ಕಾಮಗಾರಿ ಮುಂದಿದೆ” ಎಂಬ ಫಲಕ ನಿಂತೇ ಇರುತ್ತದೆ. ದಿನವೂ ಅದನ್ನು ನೋಡಿ ಹೋಗುವ ಚಾಲಕನಿಗೆ ಮುಂದೆ ಏನೂ ಇಲ್ಲವೆಂದು ಅಭ್ಯಾಸವಾಗುತ್ತದೆ. ಮುಂದಿನ ಊರಿನಲ್ಲಿ ನಿಜವಾಗಿ ಅಗೆದಿರುವಾಗ ಅವನು ಅದೇ ಅಭ್ಯಾಸದಿಂದ ವೇಗ ತಗ್ಗಿಸುವುದಿಲ್ಲ. ಕೈಪಿಡಿಯ ನಿಯಮವೂ ಇದೇ: ಕೆಲಸವಿಲ್ಲದಾಗ ಫಲಕವನ್ನು ತೆಗೆಯಬೇಕು, ಇಲ್ಲವೇ ಮುಚ್ಚಬೇಕು. ನಿಲ್ಲಿಸಲು ಹಣ ಸಿಗುತ್ತದೆ, ತೆಗೆಯಲು ಯಾರೂ ಕೊಡುವುದಿಲ್ಲ ಎಂದು ಗುತ್ತಿಗೆದಾರರೊಬ್ಬರು ನನಗೆ ನಗುತ್ತ ಹೇಳಿದ್ದುಂಟು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 198ಎ ಕಲಮಿನ ಪ್ರಕಾರ, ಸುರಕ್ಷತೆಯ ಮಾನದಂಡಗಳನ್ನು ಪಾಲಿಸದೆ ಸಾವಿಗೋ ಅಂಗವೈಕಲ್ಯಕ್ಕೋ ಕಾರಣವಾದ ಅಧಿಕಾರಿಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಯ ತನಕ ದಂಡ ವಿಧಿಸಬಹುದು. 1989ರಲ್ಲಿ ಅಂಥದೊಂದು ಕಲಮು ಇರಲಿಲ್ಲ. ಇದ್ದಿದ್ದರೆ ನನ್ನ ವರದಿಯನ್ನು ಬೇರೆ ರೀತಿಯಲ್ಲಿ ಓದುತ್ತಿದ್ದರೇನೋ.

2023ರ ಮಳೆಗಾಲದ ಆರಂಭದಲ್ಲಿ ಹೆಡ್‌ಮಾಸ್ಟರರ ಅನುಮತಿ ಪಡೆದು ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಪೀರಿಯಡ್ ಈ ಪಾಠವನ್ನು ಮಾಡಿದೆ. ಕರಿಹಲಗೆಯ ಮೇಲೆ 60 ಕಿ.ಮೀ. ವೇಗದ ಲೆಕ್ಕ ಬರೆದು, ಅನಂತರ ಇಬ್ಬರು ಅಧ್ಯಾಪಕರ ಜತೆಯಲ್ಲಿ ಮಕ್ಕಳನ್ನು ಶಾಲೆಯ ಗೇಟಿನ ಹೊರಗೆ, ಹೊಸ ಚರಂಡಿಯ ಒಳಬದಿಗೆ ಕರೆದುಕೊಂಡು ಹೋದೆ. ಮಕ್ಕಳು ದಾಟುವ ಸ್ಥಳದಿಂದ “ಶಾಲಾ ವಲಯ, ನಿಧಾನ” ಎಂಬ ಫಲಕದ ತನಕ ಹೆಜ್ಜೆಯಲ್ಲಿ ಅಳೆಯಲು ಹೇಳಿದೆ. ಉದ್ದಕಾಲಿನ ಹುಡುಗನಿಗೆ 29 ಹೆಜ್ಜೆ, ಗಿಡ್ಡ ಹುಡುಗಿಗೆ 36 ಹೆಜ್ಜೆ ಬಂತು. ಒಂದು ಹೆಜ್ಜೆ ಎಷ್ಟು ಸೆಂಟಿಮೀಟರೆಂದು ವರಾಂಡದಲ್ಲಿ ಅಳೆದು ಲೆಕ್ಕ ಹಾಕಿದಾಗ ಎರಡೂ ಸುಮಾರು 20 ಮೀಟರಿಗೆ ಬಂದು ನಿಂತವು. ಯಾರೂ ಮಾತಾಡಲಿಲ್ಲ. ಕರಿಹಲಗೆಯಲ್ಲಿ 80 ಎಂದು ಬರೆದದ್ದು ಹಾಗೆಯೇ ಇತ್ತು.

ಮಕ್ಕಳೇ ಅರ್ಜಿ ಬರೆದರು, ಕನ್ನಡದಲ್ಲೊಂದು, ಮಲಯಾಳದಲ್ಲೊಂದು. ರಕ್ಷಕ ಶಿಕ್ಷಕ ಸಂಘದವರು ಅದನ್ನು ಕಾಮಗಾರಿಯ ಕಚೇರಿಗೆ ಒಯ್ದರು. ಮೊದಲ ಸಲ ಉತ್ತರ ಬರಲಿಲ್ಲ. ಎರಡನೆಯ ಸಲ ಒಬ್ಬ ಚಿಕ್ಕ ಪ್ರಾಯದ ಎಂಜಿನಿಯರ್ ತಾನೇ ಟೇಪು ಹಿಡಿದುಕೊಂಡು ಬಂದು ಅಳೆದು, ಫಲಕವನ್ನು 120 ಮೀಟರ್ ದೂರಕ್ಕೆ ಸಾಗಿಸಿ, ದಾಟುವ ಸ್ಥಳದಲ್ಲಿ ಬೆಳಗ್ಗೆ ಸಂಜೆ ಒಬ್ಬ ಬಾವುಟದವನನ್ನೂ ನಿಲ್ಲಿಸಿದರು. ನಾನು ನೋಡಲು ಹೋದಾಗ ಆ ತರುಣ ಮರದ ನೆರಳಿನಲ್ಲಿ ನಿಂತಿದ್ದ. ಬಿಸಿಲಿಗೆ ಬರಲು ಕೈಸನ್ನೆ ಮಾಡಿದೆ, ನಗುತ್ತ ಬಂದ.

ಆಟಿಯ ಒಂದು ಸಂಜೆ ಜೋರು ಮಳೆ. ಬಾಗಿಲು ತಟ್ಟಿದ ಶಬ್ದ ಕೇಳಿ ತೆರೆದರೆ, ಹೆಜ್ಜೆ ಎಣಿಸಿದವರಲ್ಲೊಬ್ಬಳಾದ ಆ ಗಿಡ್ಡ ಹುಡುಗಿ ತಮ್ಮನೊಡನೆ ಕೊಡೆ ಹಿಡಿದು ನಿಂತಿದ್ದಳು. “ಅಜ್ಜ, ಲಾರಿ ತಾಗಿ ನಮ್ಮ ಬೋರ್ಡು ಬಿದ್ದಿದೆ. ಕತ್ತಲಾಗುವ ಮೊದಲು ಯಾರಿಗೆ ಹೇಳಬೇಕು?” ಎಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ ಎಂಜಿನಿಯರರ ನಂಬರಿಗೆ ಅವಳ ಕೈಯಿಂದಲೇ ಫೋನು ಮಾಡಿಸಿದೆ.